ಓದದೆ ಬಿಟ್ಟ ಸಾಲು

ಅರಕಲಗೂಡು
ಭಾನುವಾರ, 10 ಆಗಸ್ಟ್ 2025

ಪ್ರೀತಿಯ ನಿಧಿ,

ಇವತ್ತು ಬೆಳಿಗ್ಗೆ ನಾನು ಕೆಲಸಕ್ಕೆ ಹೋದಾಗ ಮಕ್ಕಳ ಮನೆಯ ಬಾಗಿಲಲ್ಲಿ ಒಂದೂ ಚಪ್ಪಲಿ ಇರಲಿಲ್ಲ. ದಿನವೂ ಅಲ್ಲಿ ಇಪ್ಪತ್ತಾರು ಜೊತೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ, ದಾಟಿಕೊಂಡೇ ಒಳಗೆ ಹೋಗಬೇಕು. ಅಡುಗೆಮನೆಯಲ್ಲಿ ಅಕ್ಕಿಮೂಟೆಯ ಪಕ್ಕ ಒಂದು ಗೋಣಿಚೀಲ ಉಬ್ಬಿಕೊಂಡು ನಿಂತಿತ್ತು. ಅದರ ಬಾಯಿಂದ ಒಂದು ಕೆಂಪು ಬಾರು ಹೊರಗೆ ಚಾಚಿಕೊಂಡಿತ್ತು. ಮಕ್ಕಳು ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಎತ್ತಿಟ್ಟುಕೊಂಡು ನಡೆಯುತ್ತಿದ್ದವು. ವಾರ್ಡನ್ ರೂಪಶ್ರೀ ಅಕ್ಕನನ್ನು ಕೇಳಿದೆ. "ತೊಳ್ಯಕ್ಕೆ ಎತ್ತಿಟ್ಟಿವ್ನಿ ಮಿಸ್, ಇವತ್ತು ಗೆಸ್ಟ್ ಬತ್ತಾವ್ರೆ" ಅಂದರು. ಸರಿ ಎಂದುಕೊಂಡೆ.

ನೀನು ಬುಧವಾರ ವಿಮಾನ ಹತ್ತುತ್ತೀಯ. ಅಷ್ಟರೊಳಗೆ ಈ ಪತ್ರ ಮುಟ್ಟಲಿ ಎಂದು ಬರೆಯುತ್ತಿದ್ದೇನೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದಾಗಲೂ ನಾನು ನಿನಗೆ ಚೀಟಿ ಬರೆದು ತಳ್ಳುತ್ತಿದ್ದೆ. ಈಗ ಇ-ಮೇಲ್ ಇದೆ, ಅಷ್ಟೇ ವ್ಯತ್ಯಾಸ.

ಜೂನ್‌ನಿಂದ ನಾನಿರುವ ಕೆಲಸದ ಬಗ್ಗೆ ಸರಿಯಾಗಿ ಹೇಳಿಯೇ ಇಲ್ಲ. ರಾಮನಾಥಪುರದ ರಸ್ತೆಯಲ್ಲಿ ಈ ಮಕ್ಕಳ ಮನೆ ಇದೆ. ನಡೆಸುವವರು ರಜನೀಶ್ ಸರ್, ಹಾಸನದವರು. ವಿದೇಶದಿಂದ ಗೆಸ್ಟ್‌ಗಳು ಬರುತ್ತಾರೆ, ನೀನು ಈಗ ಹೋಗುತ್ತಿರುವ ಹಾಗೆಯೇ. ಎರಡು ವಾರ, ಮೂರು ವಾರ ಇದ್ದು ಮಕ್ಕಳಿಗೆ ಇಂಗ್ಲಿಷ್ ಹಾಡು ಹೇಳಿಕೊಟ್ಟು, ಗೋಡೆಗೆ ಬಣ್ಣ ಬಳಿದು ಹೋಗುತ್ತಾರೆ. ಅವರು ಹೋದಮೇಲೆ ಮಕ್ಕಳು ಅವರಿಗೆ ಪತ್ರ ಬರೆಯಬೇಕು. ಮಕ್ಕಳು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಸೇರಿಸಿಕೊಳ್ಳುವ ಫಾರ್ಮುಗಳನ್ನೂ ತುಂಬುತ್ತೇನೆ. ಹೊಳೆನರಸೀಪುರದಲ್ಲಿ ಅಮ್ಮನಿಗೆ ಖುಷಿಯೋ ಖುಷಿ. "ಬಾಯ್ ಬಿಡ್ದೆ ಸಂಬಳ ಎಣ್ಸೋ ಕೆಲ್ಸ ನಿಂಗಲ್ದೆ ಇನ್ಯಾರಿಗ್ ಸಿಗ್ತದೆ?" ಅನ್ನುತ್ತಾಳೆ.

ಮೂರು ವರ್ಷ ಕವಿತೆ ಬರೆದರೂ ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಈಗ ಡೆನ್ಮಾರ್ಕಿನಲ್ಲಿ, ಹೋದ ತಿಂಗಳು ಇಲ್ಲಿ ಬಂದು ಹೋದ ಹೆಲೆನ್ ಎಂಬ ನಿವೃತ್ತ ಟೀಚರ್ ನನ್ನ ಪತ್ರ ಓದಿ ಅಳುತ್ತಾರಂತೆ. ಪತ್ರ ನನ್ನದಲ್ಲ, ಅನುಶ್ರೀಯದು. ಮೂರನೇ ಕ್ಲಾಸಿನ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದಿವೆ. ಅವಳನ್ನು ನೋಡಲು ಪಕ್ಕದ ಮನೆಯಾಕೆ ಭಾಗ್ಯಲಕ್ಷ್ಮಿ ಭಾನುವಾರಗಳಲ್ಲಿ ಬರುತ್ತಾಳೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ನಲ್ಲಿ ಕೆಲಸ, ಬೆರಳೆಲ್ಲ ಕಪ್ಪು ಅಂಟು. ಸೊಪ್ಪಿನ ಕೆಲಸ ಮುಗಿದು ದೀಪಾವಳಿ ಬಂದರೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ. ಅನುಶ್ರೀ ದಿನ ಎಣಿಸುತ್ತಾ ಕಂಬದ ಮೇಲೆ ಗೀಟು ಹಾಕುತ್ತಿದ್ದಾಳೆ.

ಹುಷಾರಾಗಿ ಹೋಗಿ ಬಾ. ಅಲ್ಲಿನ ಮಕ್ಕಳ ಬಗ್ಗೆ ಬರಿ.

ನಿನ್ನ,
ತೇಜಶ್ರೀ


ಸಿಯೆಮ್ ರೀಪ್, ಕಾಂಬೋಡಿಯಾ
19 ಆಗಸ್ಟ್ 2025

ತೇಜೂ,

ಬಂದಿಳಿದೆ ಕಣೇ! ಆರು ದಿನವಾಯಿತು, ಆರು ತಿಂಗಳಾದ ಹಾಗಿದೆ.

ಹೊರಡುವ ದಿನ ಚನ್ನರಾಯಪಟ್ಟಣದಲ್ಲಿ ನಡೆದ ತಮಾಷೆ ಕೇಳು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ ಕಡೆ ಕೂಲಿ ಮಾಡಿದ್ರೆ ದುಡ್ಡು ಕೊಡ್ತಾರೆ. ನನ್ ಮಗಳು ದುಡ್ ಕೊಟ್ಟು ಕೂಲಿಗೆ ಓಯ್ತಾವ್ಳೆ, ಅದೂ ವಿಮಾನದಲ್ಲಿ!" ಮೂಟೆ ಹೊರುವ ಲಕ್ಕಣ್ಣ, "ಅಂಗಾರೆ ಯಜಮಾನ್ರೇ, ನಾನೂ ನಿಮ್ಗೆ ದುಡ್ ಕೊಡ್ಬೇಕಾಯ್ತದಾ?" ಅಂದ. ಮಂಡಿಯೇ ನಕ್ಕಿತು. ನನಗೆ ಸಿಟ್ಟು ಬಂತು. ಎರಡೂವರೆ ಲಕ್ಷ ಕೊಟ್ಟಿದ್ದು ಅಪ್ಪನೇ, ನಿಜ. ಸಮಾಜಕಾರ್ಯದ ಮಾಸ್ಟರ್ಸ್‌ಗೆ ಅರ್ಜಿ ಹಾಕುವಾಗ ಇಂಥ ಅನುಭವದ ಸರ್ಟಿಫಿಕೇಟ್ ಇರಲೇಬೇಕು ಎಂದು ಕನ್ಸಲ್ಟೆನ್ಸಿಯವನು ಹೇಳಿದ, ಅದೂ ನಿಜ. ಆದರೆ ನಾನು ಬಂದಿರುವುದು ಅದಕ್ಕಷ್ಟೇ ಅಲ್ಲ.

ಯಾಕೆ ಅಲ್ಲ ಎಂದು ಕೇಳು. ನಮ್ಮ ವ್ಯಾನು ಗೇಟಿನೊಳಗೆ ನಿಂತಿತಷ್ಟೇ, ನಲವತ್ತು ಮಕ್ಕಳು ಓಡಿ ಬಂದು ನಮ್ಮನ್ನು ತಬ್ಬಿಕೊಂಡವು. ಹೆಸರೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ. ಸ್ರೇಮೊಮ್ ಎಂಬ ಏಳು ವರ್ಷದ ಹುಡುಗಿ ನನ್ನ ಸೊಂಟ ಹಿಡಿದವಳು ಸಂಜೆಯವರೆಗೂ ಬಿಡಲಿಲ್ಲ. ನನ್ನನ್ನು ಯಾರಾದರೂ ಹಾಗೆ ಹಿಡಿದುಕೊಂಡಿದ್ದು ನೆನಪೇ ಇಲ್ಲ. ರಾತ್ರಿ ರೂಮಿನಲ್ಲಿ ಅತ್ತುಬಿಟ್ಟೆ. ಈ ಮಕ್ಕಳಿಗೆ ಪ್ರೀತಿಗೆ ಎಷ್ಟು ಹಸಿವಿರಬೇಕು!

ನಿನ್ನ ಅನುಶ್ರೀಗೆ ಪಕ್ಕದ ಮನೆಯವರಾದರೂ ಇದ್ದಾರಲ್ಲ, ಪುಣ್ಯ. ಇಲ್ಲಿನವರಿಗೆ ಅಷ್ಟೂ ಇಲ್ಲ.

ನೀನು ಬರೆದ ಪತ್ರ ಓದಿ ಪರದೇಶದವರು ಅಳುತ್ತಾರೆ ಅಂದೆಯಲ್ಲ, ನನಗೆ ಆಶ್ಚರ್ಯವಿಲ್ಲ. ಕಾಲೇಜಿನಲ್ಲಿ ನೀನು ಬರೆದುಕೊಟ್ಟ ಬೀಳ್ಕೊಡುಗೆ ಭಾಷಣ ಓದುವಾಗ ನಾನೇ ಅತ್ತಿರಲಿಲ್ಲವೇ.

ನಿಧಿ


ಅರಕಲಗೂಡು
ಭಾನುವಾರ, 31 ಆಗಸ್ಟ್ 2025

ಪ್ರೀತಿಯ ನಿಧಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಲಕ್ಕಣ್ಣನ ಮಾತಿಗೆ ನಾನೊಬ್ಬಳೇ ರೂಮಿನಲ್ಲಿ ನಕ್ಕೆ. ಮಕ್ಕಳು ಓಡಿ ಬಂದದ್ದನ್ನು ಓದಿದಾಗ ನಗು ನಿಂತಿತು. ಯಾಕೆ ಎಂದು ಈಗ ಬರೆಯಲು ಆಗುತ್ತಿಲ್ಲ.

ಇಲ್ಲಿಯೂ ಗೆಸ್ಟ್‌ಗಳು ಬಂದಿದ್ದಾರೆ. ಗೆಸ್ಟ್‌ಗಳು ಬರುವ ಹಿಂದಿನ ದಿನ ಸಂಜೆ ರೂಪಶ್ರೀ ಅಕ್ಕ ಮಕ್ಕಳನ್ನು ಗೇಟಿನಿಂದ ಮೆಟ್ಟಿಲವರೆಗೆ ಓಡಿಸುತ್ತಾರೆ. "ಲೇ, ಇನ್ನೂ ಜೋರಾಗ್ ಓಡ್ರಲೇ! ಊಟ ಉಂಡಿಲ್ವಾ? ಕಾಲ್ ಹಿಡ್ಕೋಬ್ಯಾಡಿ ಕಣ್ಲಾ, ಸೊಂಟ, ಸೊಂಟ ಹಿಡ್ಕೊಳಿ." ಮಕ್ಕಳಿಗೆ ಅದೊಂದು ಆಟ. ನಾನೂ ಕಿಟಕಿಯಲ್ಲಿ ನಿಂತು ಆಟವೆಂದೇ ನೋಡುತ್ತಿದ್ದೆ.

ಹೆಲೆನ್ ಅವರಿಗೆ ಅನುಶ್ರೀಯ ಹೊಸ ಪತ್ರ ಬರೆದೆವು. ಅವಳು ಹೇಳಿದ್ದು ಹೀಗೆ: "ನಮ್ಮನೆ ಕುರಿಮರಿ ಕಾಲಿಗೆ ಮುಳ್ಳು ಚುಚ್ಕೊಂಡಿತ್ತು. ವಾಸಿ ಆಯ್ತಂತೆ. ನೀವು ಕುರಿ ಸಾಕೀರಾ? ಸಾಕಿದ್ರೆ ಏನ್ ಎಸ್ರು?" ನಾನು ಅದನ್ನೇ ಇಂಗ್ಲಿಷಿಗೆ ತಂದು ರಜನೀಶ್ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನಕ್ಕರು. ಅವರು ಕೆಟ್ಟದಾಗಿ ನಗುವವರಲ್ಲ. "ಕುರಿಮರಿ ಎಲ್ಲಾ ಬೇಡ ಕಣಮ್ಮ. ಮನೆ ಇದೆ ಅಂದಂಗಾಗುತ್ತೆ. ನೀವು ಸಾಹಿತ್ಯ ಓದಿದೋರು, ಸ್ವಲ್ಪ ಭಾವನೆ ಹಾಕ್ರಿ. ಮಕ್ಕಳ ಊಟ ಬರೋದು ಆ ಭಾವನೇಲಿ." ನಾನು ಬರೆದೆ: 'ನನಗೂ ಒಂದು ಮನೆ ಇದ್ದಿದ್ದರೆ ಅದರ ಬಾಗಿಲಲ್ಲಿ ನಿಮ್ಮ ಹೆಸರು ಬರೆಯುತ್ತಿದ್ದೆ.' ಚೆನ್ನಾಗಿದೆ ಅಲ್ಲವೇ? ನನಗೂ ಆಗ ಚೆನ್ನಾಗಿದೆ ಅನ್ನಿಸಿತು. ಅನುಶ್ರೀ ಅದರ ಕೆಳಗೆ ಒಂದು ಹೂವು ಬಿಡಿಸಿದಳು. ಪತ್ರದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿಲ್ಲ. "ಕುರಿ ಎಸ್ರು ಕೇಳಿದ್ರಾ ಮಿಸ್?" ಅಂದಳು. ಕೇಳಿದ್ದೇನೆ ಅಂದೆ.

ಅವಳ ಎರಡೂ ಮಾತನ್ನು, ಅಂದರೆ ಅವಳು ಹೇಳಿದ್ದು ಮತ್ತು ನಾನು ಬರೆದದ್ದನ್ನು, ಒಂದು ನೋಟುಬುಕ್ಕಿನಲ್ಲಿ ಎದುರುಬದುರು ಬರೆದಿಡುತ್ತಿದ್ದೇನೆ. ಯಾಕೋ ಗೊತ್ತಿಲ್ಲ. ಅಭ್ಯಾಸ.

ಇವತ್ತು ಪಕ್ಕದ ಮನೆಯಾಕೆ ಬಂದಿದ್ದಳು. ಗೆಸ್ಟ್‌ಗಳು ಇದ್ದುದರಿಂದ ಒಳಗೆ ಬಿಡಲಿಲ್ಲ. ರಸ್ತೆಯಾಚೆ ಹೊಂಗೆಮರದ ಕೆಳಗೆ ಮೂರು ಗಂಟೆ ಕೂತಿದ್ದು, ತಂದಿದ್ದ ಕಡಲೆಪುರಿಯನ್ನು ನನ್ನ ಕೈಯಲ್ಲಿ ಕೊಟ್ಟು ಹೋದಳು.

ತೇಜಶ್ರೀ


ಸಿಯೆಮ್ ರೀಪ್
9 ಸೆಪ್ಟೆಂಬರ್ 2025

ತೇಜೂ,

ನಿನ್ನ ಪತ್ರದಲ್ಲಿ ಏನೋ ಮಂಕು ಕವಿದಿದೆ. ಮಕ್ಕಳಿಗೆ ಸ್ವಾಗತ ಕಲಿಸಿದರೆ ತಪ್ಪೇನು? ನಮ್ಮ ಸ್ಕೂಲಿಗೆ ಇನ್ಸ್‌ಪೆಕ್ಟರ್ ಬಂದಾಗ ನಮಗೂ ಕಲಿಸುತ್ತಿರಲಿಲ್ಲವೇ? ನೀನು ಎಲ್ಲವನ್ನೂ ಕಿಟಕಿಯಲ್ಲಿ ನಿಂತು ನೋಡುತ್ತೀಯ, ಅದಕ್ಕೇ ನಿನಗೆ ಹೀಗನ್ನಿಸುತ್ತದೆ. ಒಂದು ಸಲ ಕೆಳಗಿಳಿದು ಬಂದು ಆ ಮಕ್ಕಳ ನಡುವೆ ನಿಲ್ಲು.

ನಾನು ಏನು ಮಾಡಿದೆ ಕೇಳು. ಇಲ್ಲಿ ಮಕ್ಕಳಿಗೆ ಕಾಲಿಗೆ ಏನೂ ಇಲ್ಲ. ಮಳೆಗಾಲ, ಅಂಗಳವೆಲ್ಲ ಕೆಸರು. ಮಾರ್ಕೆಟ್ಟಿಗೆ ಹೋಗಿ ನನ್ನ ದುಡ್ಡಿನಲ್ಲೇ ನಲವತ್ತು ಜೊತೆ ಚಪ್ಪಲಿ ತಂದೆ. ಎಲ್ಲರೂ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಫೋಟೋ ನೋಡಿ ಅಪ್ಪ ಮೊದಲ ಸಲ, "ಹೋಗ್ಲಿ ಬಿಡು, ಒಳ್ಳೆ ಕೆಲ್ಸ ಮಾಡ್ದೆ ಮಗಳೇ" ಅಂದರು. ಮರುದಿನ ನೋಡಿದರೆ ಎಲ್ಲರೂ ಮತ್ತೆ ಬರಿಗಾಲು! ಪಾಪ, ಹೊಸದು ಸವೆದುಹೋಗುತ್ತದೆ ಎಂದು ಎತ್ತಿಟ್ಟಿರಬೇಕು. ಇಲ್ಲದವರಿಗೆ ವಸ್ತುವಿನ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ. ಸ್ರೇಮೊಮ್ ನನಗೆ ಪತ್ರ ಬರೆದಿದ್ದಾಳೆ. ಆಫೀಸಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ನಮ್ಮಷ್ಟೇ ವಯಸ್ಸು, ತಲೆ ಎತ್ತಿ ಮಾತನಾಡುವುದಿಲ್ಲ. ಅವಳು ಇಂಗ್ಲಿಷ್ ಮಾಡಿಕೊಟ್ಟಳು. ಅದರಲ್ಲಿ ಹೀಗಿದೆ: 'ನೀನು ಹೋದಮೇಲೆ ನಿನ್ನ ನೆರಳನ್ನು ಗೇಟಿನ ಹತ್ತಿರ ಬಿಟ್ಟುಹೋಗು. ನನಗೆ ಅಮ್ಮ ಇಲ್ಲ, ಅದರ ಜೊತೆ ಮಾತಾಡುತ್ತೇನೆ.' ಏಳು ವರ್ಷದ ಮಗು ತೇಜೂ! ನಾವು ಮೂರು ವರ್ಷ ಸಾಹಿತ್ಯ ಓದಿ ಇಂಥ ಒಂದು ಸಾಲು ಬರೆದೆವಾ?

ಅರ್ಜಿಯ ಜೊತೆ ಕೊಡುವ ಪ್ರಬಂಧವನ್ನು ಈ ಸಾಲಿನಿಂದಲೇ ಶುರು ಮಾಡಿದ್ದೇನೆ.

ನಿಧಿ


ಅರಕಲಗೂಡು
ಭಾನುವಾರ, 28 ಸೆಪ್ಟೆಂಬರ್ 2025

ನಿಧಿ,

ತಡವಾಯಿತು. ಜ್ವರ ಬಂದಿತ್ತು ಎಂದು ಬರೆಯಲು ಹೊರಟಿದ್ದೆ. ಬಂದಿರಲಿಲ್ಲ. ಹತ್ತೊಂಬತ್ತು ದಿನದಿಂದ ಈ ಪತ್ರ ಬರೆದು ಅಳಿಸುತ್ತಿದ್ದೇನೆ.

ನಿನ್ನನ್ನು ಎರಡು ವಿಷಯ ಕೇಳುತ್ತೇನೆ, ಯಾಕೆ ಎಂದು ಕೇಳದೆ ಮಾಡು. ಒಂದು, ನೀನು ಕೊಡಿಸಿದ ಚಪ್ಪಲಿಗಳು ಎಲ್ಲಿವೆ ಎಂದು ಅಡುಗೆಮನೆಯಲ್ಲಿ ನೋಡು. ಎರಡು, ಭಾನುವಾರ ಗೇಟಿನ ಹೊರಗೆ, ರಸ್ತೆಯಾಚೆ, ಯಾರಾದರೂ ಹೆಂಗಸರು ಸುಮ್ಮನೆ ಕೂತಿರುತ್ತಾರಾ ನೋಡು. ಇದ್ದರೆ ಅವರನ್ನು ಮಾತನಾಡಿಸು. ಆದರೆ ಆಫೀಸಿನ ಹುಡುಗಿಯನ್ನು ಕರೆದುಕೊಂಡು ಹೋಗಬೇಡ. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು.

ಅವಳ ಮೇಲೆ ಸಿಟ್ಟಾಗಬೇಡ.

ಆ ಪ್ರಬಂಧವನ್ನು ಇನ್ನೂ ಕಳಿಸಿಲ್ಲದಿದ್ದರೆ ಕಳಿಸಬೇಡ.

ಇಲ್ಲಿ ಎಲ್ಲ ಮಾಮೂಲು. ಸೊಪ್ಪಿನ ಕೆಲಸ ಮುಗಿಯುತ್ತಾ ಬಂದಿದೆ. ಅನುಶ್ರೀಯ ಕಂಬದಲ್ಲಿ ಗೀಟು ಹಾಕಲು ಕೆಳಗೆ ಜಾಗವಿಲ್ಲ. ಈಗ ಸ್ಟೂಲು ಹತ್ತಿ ಮೇಲೆ ಹಾಕುತ್ತಿದ್ದಾಳೆ.

ತೇಜಶ್ರೀ


ಸಿಯೆಮ್ ರೀಪ್
1 ಅಕ್ಟೋಬರ್ 2025

ತೇಜಶ್ರೀ,

ನೇರವಾಗಿ ಹೇಳಿಬಿಡು. ನನಗೆ ಒಗಟು ಬಿಡಿಸುವ ವ್ಯವಧಾನವಿಲ್ಲ.

ಇವರು ಮೋಸಗಾರರು, ನಾನು ದಡ್ಡಿ, ಇಷ್ಟೇ ತಾನೇ ನೀನು ಹೇಳುವುದು? ಇಲ್ಲಿ ನಲವತ್ತು ಮಕ್ಕಳು ಮೂರು ಹೊತ್ತು ಊಟ ಮಾಡುತ್ತಿವೆ. ನಾನು ದಿನಾ ಕಣ್ಣಾರೆ ನೋಡುತ್ತಿದ್ದೇನೆ. ಇಷ್ಟು ದೂರ ಬಂದು, ಎರಡು ಸಲ ಹೊಟ್ಟೆ ಕೆಟ್ಟು ಮಲಗಿ, ಆ ಮಕ್ಕಳ ಹೇನು ತೆಗೆದವಳು ನಾನು. ನೀನು ಅರಕಲಗೂಡಿನ ರೂಮಿನಲ್ಲಿ ಕೂತು ನನಗೆ ತನಿಖೆ ಮಾಡಲು ಹೇಳುತ್ತೀಯ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಸರಿ. ತಪ್ಪು ನಡೆಯುತ್ತಿದೆ ಎಂದು ನಿನಗೆ ಗೊತ್ತಿದ್ದರೆ, ಇದನ್ನು ಹೇಳು: ನಾನು ದುಡ್ಡು ಕೊಟ್ಟು ಇಲ್ಲಿದ್ದೇನೆ, ನೀನು ಸಂಬಳ ತೆಗೆದುಕೊಂಡು ಅಲ್ಲಿದ್ದೀಯ. ನಮ್ಮಿಬ್ಬರಲ್ಲಿ ಯಾರು ವಾಸಿ?

ಪ್ರಬಂಧ ಕಳಿಸಿ ಆಯಿತು.

ನಿಧಿ


ಬ್ಯಾಂಕಾಕ್ ವಿಮಾನ ನಿಲ್ದಾಣ
12 ಅಕ್ಟೋಬರ್ 2025

ತೇಜೂ,

ಬೆಂಗಳೂರಿನ ವಿಮಾನಕ್ಕೆ ಇನ್ನೂ ನಾಲ್ಕು ಗಂಟೆ ಇದೆ.

ಚಪ್ಪಲಿಗಳು ಅಡುಗೆಮನೆಯಲ್ಲಿರಲಿಲ್ಲ. ಮಾರ್ಕೆಟ್ಟಿನಲ್ಲಿ ನಾನು ಕೊಂಡ ಅಂಗಡಿಯಲ್ಲೇ ಇದ್ದವು. ನಾನು ಬೇಕೆಂದೇ ಆರಿಸಿದ್ದ ಹಳದಿ ಹೂವಿನ ಜೊತೆಯೂ ಅಲ್ಲೇ ತೂಗುತ್ತಿತ್ತು. ಅಂಗಡಿಯವಳು ನನ್ನ ಗುರುತು ಹಿಡಿದು ಮತ್ತೆ ನಲವತ್ತು ಬೇಕಾ ಎಂದು ಬೆರಳಿನಲ್ಲಿ ಕೇಳಿದಳು.

ಗೇಟಿನಾಚೆ ಹೆಂಗಸರಿದ್ದರು. ಮೂವರು. ಎಂಟು ವಾರ ದಿನಾ ಅವರನ್ನು ದಾಟಿಕೊಂಡೇ ಓಡಾಡಿದ್ದೆ, ಹಣ್ಣು ಮಾರುವವರು ಎಂದುಕೊಂಡಿದ್ದೆ. ಇಂಗ್ಲಿಷ್ ಬಲ್ಲ ಆಟೋದವನನ್ನು ಕರೆದುಕೊಂಡು ಹೋಗಿ ಕೇಳಿಸಿದೆ. ಅವರಲ್ಲೊಬ್ಬಳು ಸ್ರೇಮೊಮ್‌ಳ ಅಮ್ಮ. ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ, ಕೈ ಮುಗಿದಳು. ಮಗಳಿಗೆ ಇಂಗ್ಲಿಷ್ ಕಲಿಸಿದ್ದಕ್ಕೆ. ಅದಕ್ಕಿಂತ ಅವಳು ಹೊಡೆದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಸ್ರೇಮೊಮ್ ಅಳುತ್ತಾಳೆ, ಹೇಗೆ ಬಿಡಿಸಿಕೊಳ್ಳುವುದು ಎಂದು ರಾತ್ರಿಯಿಡೀ ಯೋಚಿಸಿದ್ದೆ. ಅವಳು ಅಳಲಿಲ್ಲ. ನನ್ನ ಸೊಂಟ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಹೊಸಬರ ವ್ಯಾನು ಬಂತು. ಕೈ ಬಿಟ್ಟು ಓಡಿದಳು. ಮೊದಲು ಇಳಿದ ಹುಡುಗಿಯನ್ನು, ಅವಳು ನನ್ನ ಹಾಗೇ ಇದ್ದಳು ಕಣೇ, ತಬ್ಬಿಕೊಂಡಳು. ಆ ಹುಡುಗಿ ಅತ್ತಳು. ನನ್ನ ಹಾಗೇ.

ಸರ್ಟಿಫಿಕೇಟ್ ಬ್ಯಾಗಿನಲ್ಲಿದೆ. ಪ್ರಬಂಧವನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ತೆಗೆದುಕೊಳ್ಳುತ್ತಿದ್ದೆನಾ ಎಂಬುದೂ ಗೊತ್ತಿಲ್ಲ. ಅಪ್ಪನಿಗೆ ಏನೂ ಹೇಳುವುದಿಲ್ಲ.

ನೀನು ನನಗೆ ಯಾಕೆ ಮೊದಲೇ ಹೇಳಲಿಲ್ಲ? ನಿನಗೆ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತಿತ್ತು?

ನಿಧಿ


ಅರಕಲಗೂಡು
ಭಾನುವಾರ, 26 ಅಕ್ಟೋಬರ್ 2025

ಪ್ರೀತಿಯ ನಿಧಿ,

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಈ ಸಲ ಅಳಿಸುವುದಿಲ್ಲ.

ನನಗೆ ಗೊತ್ತಿತ್ತು, ಯಾಕೆಂದರೆ ಇಲ್ಲಿ ಆ ಆಫೀಸಿನ ಹುಡುಗಿ ನಾನು. ಸ್ರೇಮೊಮ್‌ಳ ನೆರಳಿನ ಸಾಲು ಓದಿದ ಕೂಡಲೇ ಅದು ಮಗುವಿನ ಮಾತಲ್ಲ ಎಂದು ತಿಳಿಯಿತು. ಮಕ್ಕಳು ನೆರಳು ಬಿಟ್ಟುಹೋಗು ಎನ್ನುವುದಿಲ್ಲ, ಕುರಿಯ ಹೆಸರು ಕೇಳುತ್ತಾರೆ. ಅಲ್ಲಿಯೂ ಯಾರೋ ಒಬ್ಬಳು ತಲೆ ತಗ್ಗಿಸಿಕೊಂಡು, ತನ್ನ ಸಾಲನ್ನು ಯಾರಾದರೂ ಮೆಚ್ಚಲಿ ಎಂದು ಕಾಯುತ್ತಾ ಕೂತಿದ್ದಾಳೆ. ನೀನು ಮೆಚ್ಚಿದೆ.

ಇನ್ನೊಂದು ಸುಳ್ಳಿದೆ. ಭಾಗ್ಯಲಕ್ಷ್ಮಿ ಪಕ್ಕದ ಮನೆಯಾಕೆ ಅಲ್ಲ. ಅವಳು ಅನುಶ್ರೀಯ ಅಮ್ಮ. ನಿನಗೆ ಬರೆದ ಪತ್ರಗಳಲ್ಲೂ ನಾನು ಫಾರ್ಮಿನಲ್ಲಿದ್ದ ಹಾಗೆಯೇ ಬರೆದೆ.

ಜೂನ್‌ನಲ್ಲಿ, ನಾನು ಸೇರಿದ ಎರಡನೇ ವಾರ, ಅವಳು ಮಗಳನ್ನು ಕರೆದುಕೊಂಡು ಬಂದಳು. ಗಂಡ ತೀರಿಕೊಂಡು ಎರಡು ವರ್ಷ. ಹೋದ ವರ್ಷ ಬ್ಯಾರನ್‌ನ ಒಲೆಯ ಪಕ್ಕ ಮಲಗಿಸಿದ್ದಾಗ ಕೆಂಡ ಸಿಡಿದು ಮಗುವಿನ ಮೀನಖಂಡ ಸುಟ್ಟಿತ್ತು. ಅದಕ್ಕೇ ಈ ವರ್ಷ ಸೊಪ್ಪಿನ ಕಾಲ ಮುಗಿಯುವವರೆಗೆ ಇಲ್ಲಿ ಬಿಟ್ಟು ಹೋಗಲು ಬಂದಿದ್ದಳು. ರಜನೀಶ್ ಸರ್ ನನ್ನನ್ನು ಒಳಗೆ ಕರೆದು, "ತಂದೆ ತಾಯಿ ಇಬ್ರೂ ಇಲ್ಲ ಅಂತ ತುಂಬಮ್ಮ. ಬರೀ ಫಾರ್ಮ್‌ಗೆ. ಇಲ್ಲಾಂದ್ರೆ ಸೀಟ್ ಕೊಡಕ್ಕಾಗಲ್ಲ. ಮಗೂಗೆ ಒಳ್ಳೇದಾಗ್ಲಿ ಅಲ್ವಾ?" ಅಂದರು. ತುಂಬಿದೆ. ಫಾರ್ಮು ಇಂಗ್ಲಿಷಿನಲ್ಲಿತ್ತು. ಓದಿ ಹೇಳುವ ಕೆಲಸ ನನ್ನದೇ.

ಓದಿ ಹೇಳಿದೆ. ಮೂರು ಹೊತ್ತು ಊಟ, ಇಂಗ್ಲಿಷ್ ಸ್ಕೂಲು, ವರ್ಷಕ್ಕೆ ಎರಡು ಜೊತೆ ಬಟ್ಟೆ. ಅವಳು ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು. ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲಿತ್ತು: 'ಈ ಮಗುವಿನ ತಂದೆ ತಾಯಿ ಬದುಕಿಲ್ಲ, ನಾನು ಪಕ್ಕದ ಮನೆಯವಳು, ಮಗುವಿನ ಮೇಲೆ ನನಗೆ ಯಾವ ಹಕ್ಕೂ ಇಲ್ಲ.' ಮಗಳ ತಲೆ ಸವರುತ್ತಾ ಕೂತಿದ್ದವಳ ಮುಖ ನೋಡಿ ಅದನ್ನು ಹೇಗೆ ಓದುವುದು? ನನಗೆ ಸಂಕೋಚವಾಯಿತು ನಿಧಿ. ಬರೀ ಸಂಕೋಚ. ಪುಟ ಮಗುಚಿದೆ. ಅವಳು ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಭಾಗ್ಯಲಕ್ಷ್ಮಿ ಎಂದು ಬರೆದಳು. 'ಲಕ್ಷ್ಮಿ' ಬರೆಯಲು ತುಂಬಾ ಹೊತ್ತಾಯಿತು. ನಾನು ಕಾದೆ. ಆಗಲಾದರೂ ಹೇಳಬಹುದಿತ್ತು.

ಹೋದ ಭಾನುವಾರ, ಹಬ್ಬದ ಹಿಂದಿನ ದಿನ, ಅವಳು ಬಂದಳು. ಹೊಸ ಲಂಗ, ಒಂದು ಪೊಟ್ಟಣ ಸುರ್‌ಸುರ್‌ಬತ್ತಿ. ಬೆರಳಿನ ಅಂಟೆಲ್ಲ ಉಜ್ಜಿ ತೆಗೆದಿದ್ದಳು, ಚರ್ಮ ಕೆಂಪಾಗಿತ್ತು. ಅನುಶ್ರೀ ಬೆಳಿಗ್ಗೆಯೇ ತಲೆ ಬಾಚಿಕೊಂಡು ಕಂಬದ ಹತ್ತಿರ ನಿಂತಿದ್ದಳು. ಗೆಸ್ಟ್‌ಗಳು ಇದ್ದ ದಿನ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಹೆಲೆನ್ ಡಿಸೆಂಬರ್‌ನಲ್ಲಿ ಅನುಶ್ರೀಗಾಗಿಯೇ ಮತ್ತೆ ಬರುವವರಿದ್ದಾರೆ, ಜೊತೆಗೆ ಹದಿನಾಲ್ಕು ಜನರನ್ನು ಕರೆತರುತ್ತಾರೆ. ಆದ್ದರಿಂದ ಮಗುವನ್ನು ಕಳಿಸುವ ಹಾಗಿರಲಿಲ್ಲ; ರಜನೀಶ್ ಸರ್ ಗೆಸ್ಟ್‌ಗಳ ಕಣ್ಣಿಗೆ ಬೀಳದಂತೆ ಭಾಗ್ಯಲಕ್ಷ್ಮಿಯನ್ನು ಆಫೀಸಿಗೆ ಕರೆಸಿ, ಫಾರ್ಮು ತಂದು ಮೇಜಿನ ಮೇಲಿಟ್ಟರು.

"ನೋಡಮ್ಮ, ನೀನು ಪಕ್ಕದ್ಮನೆಯೋಳು ಅಂತ ನೀನೇ ಸೈನ್ ಹಾಕಿದ್ದೀಯ. ಯಾರ್ ಯಾರ್ದೋ ಕೈಗೆ ಮಗು ಕೊಡಕ್ಕಾಗುತ್ತಾ?"

"ಯಾರ್ದೋ ಕೈಗಾ? ಎತ್ತೋಳು ಕಣ್ ಸಾ ನಾನು!"

"ಪೇಪರಲ್ಲಿ ಹಂಗಿಲ್ಲವಲ್ಲ."

ಅವಳು ಫಾರ್ಮು ನೋಡಲಿಲ್ಲ. ನನ್ನನ್ನು ನೋಡಿದಳು. "ಅವ್ವಾ, ನೀವೇ ಓದಿ ಏಳಿದ್ರಲ್ಲ. ನೀವ್ ಓದಿದಾಗ ಅಂಗಿರ್ನಿಲ್ಲ ಅಲ್ವಾ? ಏಳ್ರವ್ವ ಅವ್ರಿಗೆ."

ನಾನು ಫಾರ್ಮಿನ ಮೇಲೆ ಕಣ್ಣಿಟ್ಟು ಕೂತೆ.

ನಾನು ಹೆದರಿದ್ದೇನೆ, ಅದಕ್ಕೇ ಸುಮ್ಮನಿದ್ದೇನೆ ಎಂದುಕೊಂಡಳು. "ಓಗ್ಲಿ ಬುಡಿ ಸಾ, ಆ ಉಡ್ಗೀನ ಯಾಕ್ ಎದ್ರುಸ್ತೀರಾ" ಎಂದು ನನ್ನ ಪರವಾಗಿ ಮಾತಾಡಿದಳು. ಲಂಗದ ಪೊಟ್ಟಣವನ್ನು ನನ್ನ ಕೈಗಿಟ್ಟು, "ನೀವೊಬ್ರೇ ಕಣವ್ವ ಇಲ್ಲಿ ನಮ್ ಕಡೆಯೋರು, ಮಗೀನ ನೋಡ್ಕೊಳಿ" ಅಂದಳು. ಗೇಟು ಮುಚ್ಚಿತು. ಅನುಶ್ರೀ ಕಂಬದ ಹತ್ತಿರವೇ ನಿಂತಿದ್ದಳು. ಅವಳು ಅವತ್ತಿನಿಂದ ಗೀಟು ಹಾಕುತ್ತಿಲ್ಲ.

ನಿನ್ನೆ ಸರ್ ಒಂದು ಪತ್ರ ಟೈಪ್ ಮಾಡಲು ಹೇಳಿದರು. ಯಾರೋ ದೂರು ಕೊಟ್ಟಿದ್ದಾರಂತೆ, ಮುಂದಿನ ವಾರ ಅಧಿಕಾರಿಗಳು ಬರಬಹುದು. ಅಮ್ಮಂದಿರು ಬಂದು ಗಲಾಟೆ ಮಾಡಬಹುದಾದ ಆರು ಮಕ್ಕಳನ್ನು ಮಂಗಳವಾರ ಬೆಳಿಗ್ಗೆ ವ್ಯಾನಿನಲ್ಲಿ ಬೆಂಗಳೂರಿನಾಚೆಯ ಇನ್ನೊಂದು ಮನೆಗೆ ಸಾಗಿಸುತ್ತಾರೆ. ಅನುಶ್ರೀ ಅದರಲ್ಲಿದ್ದಾಳೆ, ಹೆಲೆನ್ ಬರುವಾಗಷ್ಟೇ ಅವಳನ್ನು ವಾಪಸ್ ತರುತ್ತಾರಂತೆ. 'ಈ ಮಗುವಿಗೆ ಬಂಧುಗಳು ಯಾರೂ ಇಲ್ಲ' ಎಂದು ನಾನು ಬರೆಯಬೇಕು. ಒಮ್ಮೆ ಅಲ್ಲಿಗೆ ಹೋದರೆ ಭಾಗ್ಯಲಕ್ಷ್ಮಿ ಯಾವ ಗೇಟಿನ ಮುಂದೆ ಹೋಗಿ ಕೂರಬೇಕು?

ರೂಪಶ್ರೀ ಅಕ್ಕನಿಗೆ ನಾನು ಏನು ಯೋಚಿಸುತ್ತಿದ್ದೇನೆ ಎಂದು ಹೇಗೋ ಗೊತ್ತಾಯಿತು. ಪಾತ್ರೆ ತೊಳೆಯುತ್ತಾ ತಿರುಗದೇ ಕೇಳಿದರು. "ಮಿಸ್, ನೀವೇನೋ ಮಾಡ್ಬುಟ್ಟು ಇದ್ನ ಮುಚ್ಚುಸ್ಬುಟ್ರೆ, ಮಿಕ್ಕ ಇಪ್ಪತ್ ಮಕ್ಳು ಎಲ್ಲಿ ಉಣ್ತವೆ? ಅದ್ರಲ್ಲಿ ನಿಜವಾಗ್ಲೂ ಯಾರೂ ಇಲ್ದೋವು ನಾಕವೆ. ಅವುಕ್ಕೇನ್ ಏಳ್ತೀರಾ?" ಅವರ ಮಾತನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ನೀನು ಕೇಳಿದ್ದೆ, ನಮ್ಮಿಬ್ಬರಲ್ಲಿ ಯಾರು ವಾಸಿ ಎಂದು. ನೀನು ವಾಸಿ. ನೀನು ತಿಳಿಯದೆ ಕೊಟ್ಟೆ. ನಾನು ಓದಿ, ತಿಳಿದು, ಪುಟ ಮಗುಚಿದೆ.

ಹೆಲೆನ್ ಅವರಿಗೆ ಬೆಳಿಗ್ಗೆ ಒಂದು ಪತ್ರ ಕಳಿಸಿದೆ. ಅದರಲ್ಲಿ ನನ್ನ ಮಾತು ಒಂದೂ ಇಲ್ಲ. ಕುರಿಮರಿಯ ಕಾಲು ವಾಸಿಯಾದದ್ದು, ಅಮ್ಮ ಹೊಂಗೆಮರದ ಕೆಳಗೆ ಕೂರುವುದು, ನೀವು ಬಂದ ದಿನ ಚಪ್ಪಲಿ ಎಲ್ಲಿಗೆ ಹೋಗುತ್ತದೆ ಎನ್ನುವುದು, ಎಲ್ಲ ಅನುಶ್ರೀ ಯಾವ ಯಾವಾಗಲೋ ಹೇಳಿದ್ದು. ಅವರು ಅಳುತ್ತಾರೋ, ಓದದೆ ಬಿಡುತ್ತಾರೋ ನನಗೆ ತಿಳಿಯದು. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಕೆಲಸ ಹೋದಮೇಲೆ ತಾನಾಗಿ ಗೊತ್ತಾಗುತ್ತದೆ.

ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಭಾಗ್ಯಲಕ್ಷ್ಮಿಯ ಊರಿಗೆ ಹೋಗುತ್ತೇನೆ. ಅಲ್ಲಿಂದ ಅವಳನ್ನು ಕರೆದುಕೊಂಡು ಹಾಸನಕ್ಕೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಮಂಗಳವಾರದ ವ್ಯಾನಿಗಿಂತ ಮುಂಚೆ. ರೇಷನ್ ಕಾರ್ಡ್ ತರಲು ಹೇಳಬೇಕು, ಅದರಲ್ಲಿ ಅನುಶ್ರೀ ಮಗಳು ಎಂದೇ ಇದೆ. ಆ ಫಾರ್ಮಿನ ಫೋಟೋ ಮತ್ತು ನೋಟುಬುಕ್ಕು ನನ್ನ ಬ್ಯಾಗಿನಲ್ಲಿವೆ. ಎರಡರಲ್ಲೂ ಅಕ್ಷರ ನನ್ನದು. ಯಾರು ಬರೆದದ್ದು ಎಂದು ಕೇಳಿದರೆ ನಾನೇ ಎನ್ನುತ್ತೇನೆ.

ಆದರೆ ಅದಕ್ಕೂ ಮೊದಲು, ಅವಳ ಮನೆಯ ಜಗುಲಿಯಲ್ಲಿ ಕೂತು, ಬ್ಯಾಗು ತೆಗೆಯುವ ಮುಂಚೆ, ಎರಡನೇ ಪುಟದ ಕೊನೆಯ ಸಾಲನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಆಮೇಲೂ ಅವಳು ನನ್ನ ಜೊತೆ ಬಸ್ಸು ಹತ್ತುತ್ತಾಳೋ ಇಲ್ಲವೋ, ಗೊತ್ತಿಲ್ಲ. ಹತ್ತದಿದ್ದರೆ ನಾನೊಬ್ಬಳೇ ಹೋಗುತ್ತೇನೆ.

ತೇಜಶ್ರೀ